ಗುರುದೇವ ರಾನಡೆ: ಒಡಪು ಬಿಡಿಸಿದ ತತ್ತ್ವಜ್ಞಾನಿ

ಒಡಪು ನಮ್ಮ ನಾಡಿನ ಮನೆಮನೆಯ ಮಾತು. ಮದುವೆಯ ಮನೆಯಲ್ಲಿ ಹೊಸ ಮದುಮಗಳು ಗಂಡನ ಹೆಸರನ್ನು ನೆಟ್ಟಗೆ ಹೇಳದೆ ಒಡಪಿನಲ್ಲಿ ಅಡಗಿಸಿ ಹೇಳುತ್ತಾಳೆ. ಚಳಿಗಾಲದ ರಾತ್ರಿ ಅಜ್ಜಿ ಮೊಮ್ಮಕ್ಕಳಿಗೆ ಒಗಟು ಹಾಕಿ ಬುದ್ಧಿಯನ್ನು ಒರೆಗೆ ಹಚ್ಚುತ್ತಾಳೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಒಂದು ಕಾರಣಿಕದ ಮಾತನ್ನು ಕೇಳಿ, ಮಳೆಯೇನು, ಬೆಳೆಯೇನು, ರಾಜ್ಯದ ಗತಿಯೇನು ಎಂದು ಜನರು ವರ್ಷವಿಡೀ ಅರ್ಥ ಹಚ್ಚುತ್ತಾರೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಶಿಶುನಾಳ ಶರೀಫರ ತತ್ತ್ವಪದಗಳು ಇವೆಲ್ಲ ಅದೇ ಮನೆಯ ದೊಡ್ಡ ಬಾಗಿಲುಗಳು. ಹೇಳಬೇಕಾದುದನ್ನು ಮುಚ್ಚಿ ಹೇಳುವ, ಎಲ್ಲರ ಕಿವಿಗೂ ಬೀಳುವಂತೆ ನುಡಿದು ತಕ್ಕವನಿಗೆ ಮಾತ್ರ ತಿಳಿಯಗೊಡುವ ಈ ಪದ್ಧತಿ ಏತಕ್ಕೆ ಹುಟ್ಟಿತು? ಸತ್ಯವಿದ್ದರೆ ಬಯಲಿನಲ್ಲಿಯೇ ಹೇಳಬಾರದೇಕೆ? ಇದು ಇಂದಿನ ವಿದ್ಯಾರ್ಥಿಯು ಕೇಳಲೇಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಗ್ರೀಕರ ಕಡೆಯಿಂದಲೂ ಉಪನಿಷತ್ತುಗಳ ಕಡೆಯಿಂದಲೂ ನೋಡಿ, ಅದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಮಹನೀಯರೊಬ್ಬರು ನಮ್ಮ ಮಗ್ಗುಲಲ್ಲಿಯೇ ಹುಟ್ಟಿದರೆಂಬುದು ಸಾವಳಗಿಯ ಕಡೆಯವರಾದ ನಮಗೆ ಅಭಿಮಾನದ ಸಂಗತಿ. ಅವರೇ ಜಮಖಂಡಿಯ ಪ್ರೊ. ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಲೋಕವು ಅವರನ್ನು ಗುರುದೇವ ರಾನಡೆ ಎಂದು ಕರೆಯಿತು.

ರಾನಡೆಯವರು 1886ನೆಯ ಇಸವಿಯ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಜಮಖಂಡಿಯು ಆಗ ಪಟವರ್ಧನ ಮನೆತನದವರು ಆಳುತ್ತಿದ್ದ ಒಂದು ಚಿಕ್ಕ ಸಂಸ್ಥಾನ. ಮನೆಯ ಮಾತು ಮರಾಠಿ, ಓಣಿಯ ಮಾತು ಕನ್ನಡ, ಶಾಲೆಯಲ್ಲಿ ಸಂಸ್ಕೃತ ಮತ್ತು ಇಂಗ್ಲಿಷು. ಹೀಗೆ ನಾಲ್ಕು ಭಾಷೆಗಳ ಗಾಳಿಯಲ್ಲಿ ಹುಡುಗನು ಬೆಳೆದನು. ಮುಂದೆ ಮರಾಠಿ ಸಂತರನ್ನೂ ಕನ್ನಡ ಶರಣರನ್ನೂ ದಾಸರನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿ ನೋಡಿದ ಅವರ ದೃಷ್ಟಿಗೆ ಈ ನೆಲವೇ ಬೀಜವನ್ನು ಹಾಕಿತೆಂದರೆ ತಪ್ಪಾಗದು. ಊರಿನ ಪರಶುರಾಮಭಾವೂ ಹೈಸ್ಕೂಲಿನಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಸಂಸ್ಕೃತದ ಜಾಣ್ಮೆಗಾಗಿ ಕೊಡುತ್ತಿದ್ದ ಜಗನ್ನಾಥ ಶಂಕರಶೇಟ್ ಶಿಷ್ಯವೇತನವು ಅಂದಿನ ವಿದ್ಯಾರ್ಥಿಗಳ ಕನಸಾಗಿತ್ತು. ಅದು ಜಮಖಂಡಿಯ ಈ ಹುಡುಗನಿಗೆ ದೊರೆಯಿತು.

ಆದರೆ ಅದಕ್ಕೂ ಮೊದಲು, 1901ರಲ್ಲಿ, ಹದಿನೈದರ ವಯಸ್ಸಿನಲ್ಲಿ ಅವರ ಬಾಳಿನ ದೊಡ್ಡ ಘಟನೆಯು ನಡೆದುಹೋಗಿತ್ತು. ಉಮದಿಯ ಭಾವೂಸಾಹೇಬ ಮಹಾರಾಜರು ಜಮಖಂಡಿಗೆ ಬಂದು ಹೋಗುತ್ತಿದ್ದರು. ಹುಡುಗ ರಾಮಭಾವೂ ಅವರಿಂದ ನಾಮವನ್ನು ಪಡೆದನು. ಪರೀಕ್ಷೆಯಲ್ಲಿ ಯಶಸ್ಸು ಬರಲೆಂಬ ಎಳೆಯ ಆಸೆಯೂ ಆ ಸಮಯದಲ್ಲಿ ಅವನ ಮನಸ್ಸಿನಲ್ಲಿತ್ತೆಂದು ಭಕ್ತರು ಹೇಳುತ್ತ ಬಂದಿದ್ದಾರೆ. ಶಿಷ್ಯವೇತನವನ್ನು ಬೇಡಲು ಹೋದವನಿಗೆ ಜೀವಮಾನವಿಡೀ ತೀರದ ಗಂಟು ಸಿಕ್ಕಿತು.

ಭಾವೂಸಾಹೇಬರ ಪರಂಪರೆಯ ಬಗೆಗೆ ಇಲ್ಲಿ ನಾಲ್ಕು ಮಾತು ಹೇಳುವುದು ಅವಶ್ಯ. ಅದರ ಮೂಲಪುರುಷರು ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು. ಅವರು ಲಿಂಗಾಯತ ಮನೆತನದವರು, ತಿಳಿಗನ್ನಡದಲ್ಲಿ ಬೋಧಿಸಿದವರು, 1885ರಲ್ಲಿ ದೇಹವಿಟ್ಟವರು. ಅವರ ಶಿಷ್ಯರಾದ ಭಾವೂಸಾಹೇಬರು (1843–1914) ಬ್ರಾಹ್ಮಣರು, ದೇಶಪಾಂಡೆ ಮನೆತನದವರು. ವಿಜಾಪುರ ಜಿಲ್ಲೆಯ ಇಂಚಗೇರಿಯಲ್ಲಿ ಅವರ ಸಮಾಧಿ ಇದೆ. ಆದುದರಿಂದಲೇ ಇದಕ್ಕೆ ಇಂಚಗೇರಿ ಸಂಪ್ರದಾಯವೆಂಬ ಹೆಸರು ಬಂದಿತು. ಇಲ್ಲಿ ಗುರುವು ಶಿಷ್ಯನಿಗೆ ಒಂದು ನಾಮವನ್ನು ಕೊಡುತ್ತಾನೆ. ಶಿಷ್ಯನು ಅದನ್ನು ಯಾರಿಗೂ ಹೇಳುವಂತಿಲ್ಲ. ದಿನಾಲು ನೇಮಕ್ಕೆ ಕುಳಿತು ಉಸಿರಿನೊಡನೆ ಅದನ್ನು ನೆನೆಯಬೇಕು. ಇಷ್ಟೇ ಅಲ್ಲಿಯ ಗುಟ್ಟು. ಹೇಳಿದರೆ ಕ್ಷಣಾರ್ಧದ ಮಾತು, ನಡೆಸಿದರೆ ಒಂದು ಜನ್ಮದ ದುಡಿತ.

ಮ್ಯಾಟ್ರಿಕ್ ಮುಗಿದ ಮೇಲೆ ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. 1907ರಲ್ಲಿ ಬಿ. ಎ. ಆದರು. ಗಣಿತದಲ್ಲಿ ಅವರಿಗೆ ವಿಶೇಷ ಒಲವಿತ್ತು. ಆದರೆ 1909ರ ಸುಮಾರಿಗೆ ಕಠಿಣವಾದ ಕಾಯಿಲೆಯು ಅವರನ್ನು ಹಿಡಿಯಿತು. ಓದು ನಿಂತಿತು, ಬದುಕುವ ಆಸೆಯೇ ಕ್ಷೀಣಿಸಿತು. ಬುದ್ಧಿಯೇ ತನ್ನ ಬಂಡವಾಳವೆಂದು ನಂಬಿದ ತರುಣನಿಗೆ ಪುಸ್ತಕವನ್ನು ಹಿಡಿಯಲಾಗದ ದಿನಗಳು ಬಂದರೆ ಹೇಗಿರಬೇಡ! ಆಗ ಅವರಿಗೆ ಆಸರೆಯಾದುದು ಹದಿನೈದರಲ್ಲಿ ಪಡೆದ ಆ ನಾಮ. ಅಲ್ಲಿಂದ ಮುಂದೆ ಅವರ ಓದಿನ ದಾರಿಯೂ ತತ್ತ್ವಜ್ಞಾನದ ಕಡೆಗೆ ಹೊರಳಿತು. 1914ರಲ್ಲಿ ಅವರು ತತ್ತ್ವಜ್ಞಾನದಲ್ಲಿ ಎಂ. ಎ. ಪರೀಕ್ಷೆಯನ್ನು ಮುಗಿಸಿ ಕುಲಪತಿಗಳ ಸುವರ್ಣಪದಕವನ್ನು ಪಡೆದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅದೇ 1914ರಲ್ಲಿ ಗುರು ಭಾವೂಸಾಹೇಬರು ತೀರಿಕೊಂಡರು. ಅನಂತರ ಗುರುಬಂಧುಗಳಾದ ಜಿಗಜೇವಣಿಯ ಅಂಬುರಾವ ಮಹಾರಾಜರು, 1933ರಲ್ಲಿ ತಾವು ದೇಹವಿಡುವವರೆಗೆ, ರಾನಡೆಯವರಿಗೆ ಹಿರಿಯರಾಗಿ ನಿಂತರು.

ಪುಣೆಯ ಈ ವರ್ಷಗಳಲ್ಲಿ ರಾನಡೆಯವರ ಮನಸ್ಸನ್ನು ಸೆಳೆದದ್ದು ಗ್ರೀಕರ ತತ್ತ್ವಜ್ಞಾನ. ಗ್ರೀಕ್ ಭಾಷೆಯನ್ನು ಸಂಸ್ಕೃತದ ಪಕ್ಕಕ್ಕಿಟ್ಟು ತೂಗಿ ನೋಡಿ ಅವರು ಪ್ರಬಂಧ ಬರೆದರು. ಹೆರಾಕ್ಲೀಟಸನನ್ನು ಕುರಿತು ಬರೆದರು; ಎಲಿಯಾ ಪಂಥದವರನ್ನು ಅರಿಸ್ಟಾಟಲನು ಹೇಗೆ ಖಂಡಿಸಿದನೆಂಬುದನ್ನು ವಿವೇಚಿಸಿದರು. ಕಿವಿಯಲ್ಲಿ ಗುಪ್ತನಾಮವನ್ನು ಹೊತ್ತ ಕನ್ನಡನಾಡಿನ ಈ ತರುಣನಿಗೆ ಆ ದೂರದ ಗ್ರೀಕರಲ್ಲಿ ಏನು ಕಂಡಿತು? ಅದನ್ನು ತಿಳಿಯಬೇಕಾದರೆ ಗ್ರೀಕರ ರಹಸ್ಯವಿದ್ಯೆಯ ಕಡೆಗೆ ನಾವೂ ಒಂದಿಷ್ಟು ಹೊರಳಿ ನೋಡಬೇಕು.

ಮೈಲಾರದ ಕಾರಣಿಕದಂತೆ ಗ್ರೀಕರಿಗೆ ಡೆಲ್ಫಿಯ ಕಣಿ. ಲಿಡಿಯಾದ ಅರಸನಾದ ಕ್ರೀಸಸನು ಪರ್ಶಿಯನ್ನರ ಮೇಲೆ ದಂಡೆತ್ತಿ ಹೋಗಬಹುದೆ ಎಂದು ಕೇಳಿಸಿದಾಗ, ಹಾಗೆ ಹೋದರೆ ಒಂದು ದೊಡ್ಡ ರಾಜ್ಯವು ಬಿದ್ದುಹೋಗುವುದೆಂಬ ಉತ್ತರ ಬಂತಂತೆ. ಅರಸನು ಹಿಗ್ಗಿದನು, ಹೊಳೆ ದಾಟಿದನು, ಸೋತನು. ಬಿದ್ದ ರಾಜ್ಯವು ಅವನದೇ ಆಗಿತ್ತು. ಕಣಿ ಸುಳ್ಳಾಡಲಿಲ್ಲ, ಕೇಳಿದವನು ತನ್ನ ಆಸೆಯನ್ನೇ ಅದರಲ್ಲಿ ಕೇಳಿಕೊಂಡನು. ಒಡಪಿನ ಮಾತಿನ ಮೊದಲ ಪಾಠವೇ ಇದು.

ಸೇಮೋಸ್ ದ್ವೀಪದಲ್ಲಿ ಹುಟ್ಟಿ ಇಟಲಿಯ ಕ್ರೋಟನ್ ನಗರದಲ್ಲಿ ನೆಲೆಸಿದ ಪೈಥಾಗೊರಸನು ಕ್ರಿ. ಪೂ. ಆರನೆಯ ಶತಮಾನದವನು. ಅವನ ಬಳಗವನ್ನು ಸೇರಬಯಸಿದವನು ಐದು ವರ್ಷ ಬಾಯಿ ಬಿಡದೆ ಕೇಳುತ್ತ ಕೂಡ್ರಬೇಕಾಗಿತ್ತೆಂದು ಹಳೆಯ ಗ್ರಂಥಕಾರರು ಬರೆದಿದ್ದಾರೆ. ಅವರ ಉಪದೇಶಗಳು ಚಿಕ್ಕ ಚಿಕ್ಕ ಒಡಪುಗಳು: ಬೆಂಕಿಯನ್ನು ಕತ್ತಿಯಿಂದ ಕೆದಕಬಾರದು, ತಕ್ಕಡಿಯನ್ನು ದಾಟಬಾರದು, ಅವರೆಯಂಥ ಕಾಳನ್ನು ತಿನ್ನಬಾರದು. ಕೆಲವರು ಇವನ್ನು ಇದ್ದಂತೆಯೇ ಪಾಲಿಸಿದರು. ಬಲ್ಲವರು ಅರ್ಥ ಬಿಡಿಸಿದರು: ಸಿಟ್ಟಿಗೆದ್ದವನನ್ನು ಕಟುವಾದ ಮಾತಿನಿಂದ ಕೆಣಕಬಾರದು, ನ್ಯಾಯದ ಮೇರೆಯನ್ನು ಮೀರಬಾರದು. ಕೇಳುವವರು ಮತ್ತು ಅರಿಯುವವರು ಎಂದು ಬಳಗವು ಎರಡಾಗಿತ್ತು. ಒಂದು, ಎರಡು, ಮೂರು, ನಾಲ್ಕು ಕೂಡಿದರೆ ಹತ್ತು. ಈ ಹತ್ತು ಚುಕ್ಕೆಗಳ ಮುಕ್ಕೋನದ ಮೇಲೆ ಅವರು ಆಣೆಯಿಡುತ್ತಿದ್ದರು. ಬಳಗದ ಗಣಿತದ ಗುಟ್ಟನ್ನು ಹೊರಗೆಡವಿದ ಹಿಪ್ಪಾಸಸನೆಂಬವನು ಕಡಲಿನಲ್ಲಿ ಮುಳುಗಿ ಸತ್ತನೆಂಬ ಕಥೆಯೂ ಉಂಟು. ಅಥೆನ್ಸಿನ ಹತ್ತಿರದ ಎಲ್ಯೂಸಿಸಿನಲ್ಲಿ ನಡೆಯುತ್ತಿದ್ದ ದೀಕ್ಷೆಯ ಸಂಗತಿಯನ್ನು ಬಾಯಿ ಬಿಟ್ಟರೆ ಮರಣದಂಡನೆ. ಕ್ರಿ. ಪೂ. 415ರಲ್ಲಿ ಆಲ್ಸಿಬಯಡಿಸನೆಂಬ ಸೇನಾನಿಯು ಆ ವಿಧಿಗಳನ್ನು ಅಣಕಿಸಿದನೆಂಬ ಆರೋಪದಿಂದಲೇ ಊರು ಬಿಟ್ಟು ಓಡಬೇಕಾಯಿತು. ಇಂಗ್ಲಿಷಿನಲ್ಲಿ ಅನುಭಾವಿಗೆ ಹೇಳುವ ಮಿಸ್ಟಿಕ್ ಎಂಬ ಶಬ್ದವು ಗ್ರೀಕರ ಈ ದೀಕ್ಷೆಯಿಂದಲೇ ಬಂದುದು. ಬಾಯಿಯನ್ನೋ ಕಣ್ಣನ್ನೋ ಮುಚ್ಚು ಎಂಬುದೇ ಅದರ ಧಾತುವಿನ ಅರ್ಥವೆನ್ನುತ್ತಾರೆ.

ರಾನಡೆಯವರು ಆರಿಸಿಕೊಂಡ ಹೆರಾಕ್ಲೀಟಸನಾದರೋ ಕ್ರಿ. ಪೂ. 500ರ ಸುಮಾರಿನ ಎಫೆಸಸ್ ನಗರದವನು. ಕತ್ತಲೆಯ ಮಾತಿನವನೆಂದೇ ಅವನಿಗೆ ಅಡ್ಡಹೆಸರು. ತನ್ನ ಪುಸ್ತಕವನ್ನು ಅವನು ಸಂತೆಯಲ್ಲಿ ಹರಡದೆ ಆರ್ಟೆಮಿಸ್ ದೇವಿಯ ಗುಡಿಯಲ್ಲಿಟ್ಟನಂತೆ. ಎಲ್ಲವೂ ಹರಿಯುತ್ತಿದೆ, ಬೆಂಕಿಯು ಎಲ್ಲದಕ್ಕೂ ಬದಲಾಗುವ ನಾಣ್ಯದಂತಿದೆ, ಎದುರುಬದುರಾದವುಗಳಲ್ಲಿಯೇ ಹೊಂದಿಕೆಯಿದೆ ಎಂಬುದು ಅವನ ಬೋಧೆ. ಡೆಲ್ಫಿಯ ದೈವವು ಬಿಚ್ಚಿಯೂ ಹೇಳದು, ಬಚ್ಚಿಯೂ ಇಡದು, ಸನ್ನೆ ಮಾತ್ರ ಮಾಡುವುದು ಎಂಬುದನ್ನು ಕಂಡುಕೊಂಡವನೂ ಅವನೇ. ಅಲ್ಲಮನ ಬೆಡಗನ್ನು ಕೇಳಿ ಬೆಳೆದ ಕನ್ನಡಿಗನಿಗೆ ಈ ಹೆರಾಕ್ಲೀಟಸನು ಪರಕೀಯನೆನಿಸಲಾರನು.

1926ರಲ್ಲಿ ಪುಣೆಯಲ್ಲಿ ಪ್ರಕಟವಾದ ಉಪನಿಷತ್ ತತ್ತ್ವಜ್ಞಾನದ ರಚನಾತ್ಮಕ ಸಮೀಕ್ಷೆಯು ರಾನಡೆಯವರ ಹೆಸರನ್ನು ದೇಶವಿದೇಶಗಳಿಗೆ ಒಯ್ದಿತು. ಇಂಗ್ಲಿಷಿನಲ್ಲಿ ಬರೆದ ಈ ಗ್ರಂಥದಲ್ಲಿ ಅವರು ಉಪನಿಷತ್ತಿನ ಋಷಿಗಳು ಬೋಧಿಸುವ ಹತ್ತು ರೀತಿಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ಸೂತ್ರದ ರೀತಿ, ಕಥೆಯ ರೀತಿ, ಉಪಮೆಯ ರೀತಿ, ಸಂವಾದದ ರೀತಿ ಮೊದಲಾದವುಗಳ ಸಾಲಿನಲ್ಲಿ ಅವರು ಮೊದಲಿಗೆ ಇಟ್ಟುದು ಒಗಟಿನ ರೀತಿಯನ್ನೇ. ಛಾಂದೋಗ್ಯದಲ್ಲಿ ಶಾಂಡಿಲ್ಯನು ಬ್ರಹ್ಮವನ್ನು ತಜ್ಜಲಾನ್ ಎಂಬ ಒಂದೇ ಗಂಟುಶಬ್ದದಲ್ಲಿ ಕಟ್ಟಿಟ್ಟನು. ಬಿಚ್ಚಿದರೆ ಅದರಲ್ಲಿ ಮೂರು ಮಾತು: ಎಲ್ಲವೂ ಹುಟ್ಟುವುದು ಅದರಿಂದ, ಲಯವಾಗುವುದು ಅದರಲ್ಲಿ, ಉಸಿರಾಡುವುದು ಅದರಿಂದಲೇ. ಶ್ವೇತಾಶ್ವತರದ ಋಷಿಯು ಜಗತ್ತನ್ನು ಒಂದು ಚಕ್ರವೆಂದು ಕಲ್ಪಿಸಿ, ಅದರ ಪಟ್ಟಿಗಳೆಷ್ಟು, ಅರಗಳೆಷ್ಟು ಎಂಬ ಬರಿಯ ಲೆಕ್ಕವನ್ನು ಹೇಳಿ ಅರ್ಥವನ್ನು ಓದುಗನಿಗೆ ಬಿಟ್ಟುಬಿಟ್ಟನು.

ಗ್ರೀಕರಿಗೂ ನಮ್ಮವರಿಗೂ ಇರುವ ಹೋಲಿಕೆಗಳನ್ನು ಅವರು ಎಚ್ಚರದಿಂದ ತೂಗಿದರು. ರೈಕ್ವನು ವಾಯುವೇ ಎಲ್ಲವನ್ನೂ ನುಂಗುವುದೆಂದರೆ ಅನಾಕ್ಸಿಮಿನಿಸನು ಗಾಳಿಯೇ ಮೂಲವೆಂದನು. ಕಠೋಪನಿಷತ್ತಿನಲ್ಲಿ ದೇಹವು ರಥವಾದರೆ ಪ್ಲೇಟೋನಲ್ಲಿ ಆತ್ಮವೇ ಎರಡು ಕುದುರೆಗಳ ರಥ. ಇಂಥ ಹೋಲಿಕೆ ಕಂಡೊಡನೆ ಅವರಿವರಿಂದ ಕದ್ದರೆನ್ನುವ ವಿದ್ವಾಂಸರು ಎರಡೂ ಕಡೆಗೆ ಇದ್ದರು. ರಾನಡೆಯವರು ಹಾಗೆ ಅವಸರ ಮಾಡಲಿಲ್ಲ. ಎರವಲು ತಂದುದೆ, ಒಂದೇ ಮೂಲದಿಂದ ಬಂದುದೆ, ಇಲ್ಲವೆ ಮನುಷ್ಯನ ಮನಸ್ಸು ಎರಡು ನೆಲಗಳಲ್ಲಿ ತಾನೇ ತಾನಾಗಿ ಒಂದೇ ಹಾದಿ ಹಿಡಿಯಿತೆ ಎಂಬ ಮೂರು ಸಾಧ್ಯತೆಗಳನ್ನೂ ಮುಂದಿಟ್ಟು ವಿಚಾರಿಸಿದರು. ಸ್ವದೇಶಾಭಿಮಾನವು ಉಕ್ಕುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಸಂಯಮವಲ್ಲ.

ಉಪನಿಷತ್ತೆಂದರೆ ಗುರುವಿನ ಹತ್ತಿರ ಕುಳಿತು ಕೇಳುವುದು. ರಹಸ್ಯವೆಂಬುದು ಅದರ ಇನ್ನೊಂದು ಅರ್ಥ. ಜನಕನ ತುಂಬಿದ ಸಭೆಯಲ್ಲಿ, ಸತ್ತವನು ಏನಾಗುವನೆಂದು ಆರ್ತಭಾಗನು ಕೇಳಿದಾಗ ಯಾಜ್ಞವಲ್ಕ್ಯನು ಅವನ ಕೈಹಿಡಿದು ಏಕಾಂತಕ್ಕೆ ಕರೆದೊಯ್ದನು; ಅಲ್ಲಿ ಅವರು ಆಡಿಕೊಂಡುದು ಕರ್ಮದ ಮಾತು. ಇಂದ್ರನೂ ವಿರೋಚನನೂ ಆತ್ಮವನ್ನು ಅರಿಯಲು ಪ್ರಜಾಪತಿಯ ಬಳಿಗೆ ಹೋದ ಕಥೆಯು ಇನ್ನೂ ಮಾರ್ಮಿಕವಾದುದು. ಮೂವತ್ತೆರಡು ವರ್ಷಗಳ ಬಳಿಕ ಪ್ರಜಾಪತಿಯು ನೀರಿನಲ್ಲಿ ಕಾಣುವ ನೆರಳನ್ನು ತೋರಿಸಿದನು. ವಿರೋಚನನು ಅಷ್ಟಕ್ಕೇ ತೃಪ್ತನಾಗಿ ದೇಹವೇ ಆತ್ಮವೆಂದು ಸಾರುತ್ತ ಊರಿಗೆ ಹೋದನು. ಇಂದ್ರನಿಗೆ ಅರ್ಧದಾರಿಯಲ್ಲಿ ಸಂಶಯ ಹುಟ್ಟಿತು, ಮರಳಿ ಬಂದನು, ಹೀಗೆ ಬಂದು ಬಂದು ನೂರಾ ಒಂದು ವರ್ಷ ಶಿಷ್ಯತ್ವ ಮಾಡಿದನು. ಶಿಷ್ಯನ ಕೇಳುವ ಶಕ್ತಿ ಎಷ್ಟೋ ಅಷ್ಟನ್ನೇ ಗುರು ಹೇಳುವ ರೀತಿಯಿದು. ಪ್ರಜಾಪತಿಯು ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ಇಬ್ಬರಿಗೂ ಮೊದಲು ಸಿಕ್ಕ ಉತ್ತರ ಒಂದೇ. ಪ್ರಶ್ನೆಯನ್ನು ಕೈಬಿಟ್ಟವನಿಗೆ ಅದು ಗುಟ್ಟಾಗಿ ಉಳಿಯಿತು, ಬಿಡದವನಿಗೆ ಬಯಲಾಯಿತು.

ಆದರೂ ಇನ್ನೊಂದು ಮಗ್ಗುಲನ್ನು ನಾವು ಮರೆಯಲಾಗದು. ರಹಸ್ಯದ ಹೆಸರಿನಲ್ಲಿ ವಿದ್ಯೆಗೆ ಬೀಗ ಹಾಕಿದುದೂ ಉಂಟು. ವೇದವಿದ್ಯೆಯು ಶೂದ್ರರಿಗೆ ಸಲ್ಲದು, ಹೆಂಗಸರಿಗೆ ಸಲ್ಲದು ಎಂದು ಶಾಸ್ತ್ರಕಾರರು ಗೆರೆ ಕೊರೆದರು. ಅಲ್ಲಿ ಶಿಷ್ಯನ ಯೋಗ್ಯತೆಯನ್ನು ನೋಡಲಿಲ್ಲ, ಹುಟ್ಟನ್ನು ನೋಡಿದರು. ಗುಟ್ಟಿನ ಮರೆಯಲ್ಲಿ ಮೋಸ ಮಾಡಿ ಹೊಟ್ಟೆ ಹೊರೆಯುವವರು ಯಾವ ಕಾಲದಲ್ಲಿಯೂ ಕಡಿಮೆಯಿಲ್ಲ. ಹಾಗಾದರೆ ನಿಜವಾದ ಗುಟ್ಟನ್ನೂ ಕಪಟದ ಗುಟ್ಟನ್ನೂ ಬೇರ್ಪಡಿಸುವುದು ಹೇಗೆ? ಇಲ್ಲಿಯೇ ರಾನಡೆಯವರ ವಿಚಾರವು ನಮಗೆ ಬೆಳಕಾಗುತ್ತದೆ.

1924ರಲ್ಲಿ ಅವರು ಪುಣೆಯ ಪ್ರಾಧ್ಯಾಪಕತ್ವವನ್ನು ಬಿಟ್ಟರು. ವಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗುವ ರೈಲುದಾರಿಯಲ್ಲಿ ನಿಂಬಾಳವೆಂಬ ಚಿಕ್ಕ ಸ್ಟೇಶನ್ನು ಇದೆ. ಸುತ್ತಲೂ ಬಯಲುಸೀಮೆಯ ಎರೆಯ ಹೊಲಗಳು, ಜೋಳದ ಬೆಳೆ. ಅಲ್ಲಿ ಅವರು ನೆಲೆಯೂರಿದರು. 1927ರಲ್ಲಿ ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಮಹಾಮಹೋಪಾಧ್ಯಾಯ ಗಂಗಾನಾಥ ಝಾ ಅವರ ಕಾಲದಲ್ಲಿ ಅಲ್ಲಿಗೆ ತತ್ತ್ವಜ್ಞಾನ ವಿಭಾಗದ ಮುಖ್ಯಸ್ಥರಾಗಿ ಹೋದರು. ಅದೇ ವರ್ಷ ಡಾ. ಬೇಳ್ವಲಕರರೊಡನೆ ಬರೆದ ಭಾರತೀಯ ತತ್ತ್ವಜ್ಞಾನದ ಇತಿಹಾಸದ ಸಂಪುಟವು ಹೊರಬಂದಿತು. ಸುಮಾರು ಎರಡು ದಶಕ ದುಡಿದು, ಕುಲಪತಿಯ ಸ್ಥಾನದ ಹೊಣೆಯನ್ನೂ ಹೊತ್ತು, 1946ರಲ್ಲಿ ನಿವೃತ್ತರಾಗಿ ನಿಂಬಾಳಕ್ಕೆ ಮರಳಿದರು. ಗಂಗೆಯ ದಂಡೆಯಲ್ಲಿದ್ದಾಗಲೂ ರಜೆ ಬಂದೊಡನೆ ಅವರ ಗಾಡಿ ನಿಂಬಾಳದ ಕಡೆಗೇ ಹೊರಡುತ್ತಿತ್ತು.

1933ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಅನುಭಾವವನ್ನು ಕುರಿತ ದೊಡ್ಡ ಗ್ರಂಥದ ಮುನ್ನುಡಿಯಲ್ಲಿ ಅವರು ಈ ತೊಡಕನ್ನು ಬಿಡಿಸಿದರು. ಅನುಭಾವವೆಂದರೆ ಮಾಟವಲ್ಲ, ಪವಾಡವಲ್ಲ, ಗುಪ್ತಕೂಟವಲ್ಲ. ದೇವರನ್ನು ನೇರವಾಗಿ, ನಡುವೆ ಯಾರೂ ಇಲ್ಲದೆ, ಪ್ರೀತಿಯಿಂದ ಕಾಣುವ ಮನಸ್ಸಿನ ನಿಲುವು ಅದು. ಅದನ್ನು ಹೇಳಲಾಗದೆಂಬುದು ನಿಜ. ಸಕ್ಕರೆಯ ರುಚಿಯನ್ನು ತಿನ್ನದವನಿಗೆ ಹೇಳಲಾಗುವುದಿಲ್ಲ. ಆದರೆ ಅದನ್ನು ಪರೀಕ್ಷಿಸಲಾಗದೆಂಬುದು ಸುಳ್ಳು. ಎಲ್ಲ ದೇಶಕಾಲಗಳ ಅನುಭಾವಿಗಳ ಮಾತಿಗೆ ಅದು ಹೊಂದಬೇಕು; ಬುದ್ಧಿಯನ್ನು ಮಸಳಿಸದೆ ಹರಿತಗೊಳಿಸಬೇಕು; ಭಾವವನ್ನು ತುಂಬಬೇಕು; ಎಲ್ಲಕ್ಕೂ ಮಿಗಿಲಾಗಿ ನಡತೆಯನ್ನು ತಿದ್ದಬೇಕು. ಬೀಜವು ಮಣ್ಣಿನೊಳಗೆ ಮುಚ್ಚಿಕೊಂಡಿರಬೇಕು, ಆದರೆ ತೆನೆಯು ಎಲ್ಲರ ಕಣ್ಣಿಗೂ ಕಾಣಬೇಕು. ತೆನೆಯೇ ಕಾಣದಿದ್ದರೆ ಒಳಗೆ ಬೀಜವಿದೆಯೆಂದು ನಂಬುವುದು ಹೇಗೆ?

ರಾನಡೆಯವರ ಬಾಳು ಈ ಪರೀಕ್ಷೆಗೆ ತಾನೇ ನಿಂತಿತು. ತಮಗೆ ಕೊಟ್ಟ ನಾಮವನ್ನು ಅವರು ಕೊನೆಯವರೆಗೂ ಗೋಪ್ಯವಾಗಿಟ್ಟರು. ಆದರೆ ವಿಚಾರದಲ್ಲಿ ಗೋಪ್ಯವೆಂಬುದನ್ನೇ ಅರಿಯರು. ಓದಿದುದನ್ನೆಲ್ಲ ಬರೆದರು, ಬರೆದುದನ್ನೆಲ್ಲ ವಿದ್ವಾಂಸರ ಟೀಕೆಗೆ ಒಡ್ಡಿದರು. ಮೊದಲಿಗೆ ಲಿಂಗಾಯತ ಗುರು, ಬಳಿಕ ಬ್ರಾಹ್ಮಣ ಶಿಷ್ಯ ಎಂಬ ಪರಂಪರೆಯಲ್ಲಿ ಬಂದ ಅವರ ನಿಂಬಾಳದ ಬೈಠಕಿನಲ್ಲಿ ವಿಶ್ವವಿದ್ಯಾಲಯದ ಪಂಡಿತರೂ ಎರೆಯ ಹೊಲದ ಒಕ್ಕಲಿಗರೂ ಮಗ್ಗುಲು ಮಗ್ಗುಲಾಗಿ ಕುಳಿತು ಕನ್ನಡ, ಮರಾಠಿ, ಹಿಂದಿ ಪದಗಳನ್ನು ಹಾಡುತ್ತಿದ್ದರು. ಅದೇ ಪರಂಪರೆಯ ಇನ್ನೊಂದು ಕೊಂಬೆಯಲ್ಲಿ ಸಿದ್ಧರಾಮೇಶ್ವರ ಮಹಾರಾಜರೂ (1888–1936) ಅವರ ಶಿಷ್ಯರಾದ ಮುಂಬಯಿಯ ನಿಸರ್ಗದತ್ತ ಮಹಾರಾಜರೂ (1897–1981) ಆಗಿಹೋದರು. ನಿಂಬರಗಿಯಲ್ಲಿ ಕಿವಿಮಾತಾಗಿ ಹೊರಟುದು ಕಡಲಾಚೆಗೂ ಕೇಳಿಸಿತು.

ಕೊನೆಯ ವರ್ಷಗಳಲ್ಲಿ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಕನ್ನಡ ಸಾಹಿತ್ಯದಲ್ಲಿಯ ಪರಮಾರ್ಥಪಥವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ಶರಣರೂ ದಾಸರೂ ಅಲ್ಲಿ ಒಂದೇ ಹಾದಿಯ ಸಂಗಾತಿಗಳಾಗಿ ಬರುತ್ತಾರೆ. ಹಿಂದಿ ಸಾಹಿತ್ಯದ ಮೇಲಿನ ಗ್ರಂಥವು 1954ರಲ್ಲಿಯೇ ಬಂದಿತ್ತು; ಕನ್ನಡದ ಗ್ರಂಥವು ಅವರು ತೀರಿದ ಮೇಲೆ 1960ರಲ್ಲಿ ಅಚ್ಚಾಯಿತು. ಜಮಖಂಡಿಯ ಓಣಿಯಲ್ಲಿ ಕೇಳಿದ ಕನ್ನಡಕ್ಕೆ ಅವರು ಸಲ್ಲಿಸಿದ ಋಣ ಅದು. 1957ರ ಜೂನ್ 6ರಂದು ನಿಂಬಾಳದಲ್ಲಿ ಅವರು ದೇಹವಿಟ್ಟರು. ಬೆಳಗಾವಿಯ ಗುರುದೇವ ರಾನಡೆ ಮಂದಿರವು ಅವರ ಹೆಸರನ್ನು ಉಳಿಸಿಕೊಂಡಿದೆ.

ವಿದ್ಯಾರ್ಥಿ ಬಾಂಧವರೇ, ಪರೀಕ್ಷೆಗೆ ಬೇಕಾದುದೆಲ್ಲ ಇಂದು ಅಂಗಡಿಯ ಗೈಡುಗಳಲ್ಲಿ ಸಿಕ್ಕುತ್ತದೆ. ವಿರೋಚನನಿಗೆ ಸಾಕಾದಷ್ಟು ವಿದ್ಯೆ ಎಲ್ಲಿಯೂ ಅಗ್ಗವಾಗಿ ದೊರೆಯುತ್ತದೆ. ಇಂದ್ರನಂತೆ ಅರ್ಧದಾರಿಯಿಂದ ಸಂಶಯ ಹೊತ್ತು ಮರಳಿ ಗುರುವಿನ ಬಾಗಿಲಿಗೆ ಬರುವವರು ಎಷ್ಟು ಮಂದಿ? ಗುಟ್ಟೆಂದು ಹೇಳಿ ನಮ್ಮನ್ನು ಹೊರಗಿಡುವವರ ಮುಂದೆ ನಾವು ತಲೆಬಾಗಬೇಕಾಗಿಲ್ಲ. ಆದರೆ ದುಡಿಯದೆ ತಿಳಿಯದ ಮಾತುಗಳೂ ಇವೆಯೆಂಬುದನ್ನು, ಅಂಥ ಮಾತನ್ನು ಹದಿನೈದನೆಯ ವಯಸ್ಸಿನಿಂದ ಎಪ್ಪತ್ತರವರೆಗೆ ಬಿಡದೆ ದುಡಿದ ಒಬ್ಬರು ನಮ್ಮ ತಾಲೂಕಿನಲ್ಲಿಯೇ ಹುಟ್ಟಿದ್ದರೆಂಬುದನ್ನು ನೆನಪಿನಲ್ಲಿಡೋಣ.